ಬಾತು ಕರೆಯುವುದರಿಂದ ಉಲ್ಕೆ ಎಣಿಸುವವರೆಗೆ: ಪುಣೆ ಸುತ್ತಲಿನ ಬಯಲು ಹವ್ಯಾಸಗಳು, ಏನು ಮಾಡಬಹುದು? ಏನು ಮಾಡಬಾರದು?

ಪುಣೆ: ಮಳೆಗಾಲ ಮುಗಿದು ಕಬ್ಬಿನ ಕಟಾವು ಶುರುವಾಗುತ್ತಿದ್ದಂತೆ ಪುಣೆಯವರ ವಾರಾಂತ್ಯದ ದಿಕ್ಕು ಬದಲಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಿಂಹಗಡ, ಲೋನಾವಳ ಎಂದು ಘಟ್ಟದ ಕಡೆ ಓಡುತ್ತಿದ್ದ ವಾಹನಗಳು ಚಳಿಗಾಲದಲ್ಲಿ ಸೊಲ್ಲಾಪುರ ಹೆದ್ದಾರಿಯತ್ತ ತಿರುಗುತ್ತವೆ. ಹಗಲಿಗೆ ಭೀಮಾ ಹಿನ್ನೀರಿನ ವಲಸೆ ಬಾತುಗಳು, ರಾತ್ರಿಗೆ ದೀಪವಿಲ್ಲದ ಬಯಲಿನ ಉಲ್ಕೆಗಳು. ಓದು, ಉದ್ಯೋಗ ಎಂದು ಪುಣೆಯಲ್ಲಿ ನೆಲೆಸಿರುವ ಸಾವಿರಾರು ಕನ್ನಡಿಗರಿಗೂ ಇದು ಕಡಿಮೆ ಖರ್ಚಿನ ಹವ್ಯಾಸ. ಟಿಕೆಟ್ ಇಲ್ಲ, ಸಾಲು ಇಲ್ಲ. ಬೇಕಿರುವುದು ಒಂದು ಬೈನಾಕ್ಯುಲರ್, ಒಂದು ಕಂಬಳಿ, ಬಹಳಷ್ಟು ತಾಳ್ಮೆ.

ಆದರೆ ಇದಕ್ಕೂ ಕಾನೂನು ಇದೆ, ಅಪಾಯವೂ ಇದೆ. ವಿದೇಶಿ ವಿಡಿಯೊಗಳನ್ನು ನೋಡಿ ಬಾತು ಕರೆಯುವ ಪೀಪಿಯನ್ನು ಆನ್‌ಲೈನ್‌ನಲ್ಲಿ ತರಿಸಿಕೊಳ್ಳುವ ಮುನ್ನ, ಹಕ್ಕಿಯ ಧ್ವನಿಮುದ್ರಣವನ್ನು ಸ್ಪೀಕರ್‌ನಲ್ಲಿ ಹಾಕುವ ಮುನ್ನ, ಜುನ್ನರ್ ಕಡೆಯ ಹೊಲದ ಬದುವಿನಲ್ಲಿ ಮಲಗಿ ಆಕಾಶ ನೋಡುವ ಮುನ್ನ ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

ಬಾತು ಕರೆಯುವುದು ಎಂದರೇನು?

ಅಮೆರಿಕದ ಹಳ್ಳಿಗಾಡಿನಲ್ಲಿ ಇದೊಂದು ಆಟವೇ ಆಗಿಬಿಟ್ಟಿದೆ. ಕೈಬೆರಳಿನಷ್ಟು ಉದ್ದದ ಮರದ ಅಥವಾ ಪ್ಲಾಸ್ಟಿಕ್ ಕೊಳವೆ, ಒಳಗೊಂದು ತೆಳು ಪಟ್ಟಿ. ಊದಿದರೆ ಪಟ್ಟಿ ಅದುರಿ ಹೆಣ್ಣು ಮಲ್ಲಾರ್ಡ್ ಬಾತಿನ ‘ಕ್ವಾಕ್’ ಹೊರಡುತ್ತದೆ. ಮೇಲೆ ಹಾರುವ ಹಿಂಡು, ಕೆಳಗೆ ತಮ್ಮವರು ಮೇಯುತ್ತಿದ್ದಾರೆ ಎಂದುಕೊಂಡು ಇಳಿಯುತ್ತದೆ. ಹುಲ್ಲಿನ ಮರೆಯಲ್ಲಿ ಕೋವಿ ಕಾದಿರುತ್ತದೆ. ಅರ್ಕಾನ್ಸಾಸ್ ರಾಜ್ಯದ ಸ್ಟಟ್‌ಗಾರ್ಟ್ ಎಂಬ ಊರಿನಲ್ಲಿ 1936ರಿಂದ ಬಾತು ಕರೆಯುವ ವಿಶ್ವ ಚಾಂಪಿಯನ್‌ಷಿಪ್ ನಡೆಯುತ್ತಿದೆ. ಬೇಟೆ ಕಾನೂನುಬದ್ಧವಾಗಿರುವ ಅಲ್ಲಿಯೂ ಜೀವಂತ ಬಾತುಗಳನ್ನು ಕಟ್ಟಿಹಾಕಿ ಆಮಿಷ ಒಡ್ಡುವುದನ್ನು 1935ರಲ್ಲೇ ನಿಷೇಧಿಸಲಾಯಿತು. ಬಾತು ಬೇಟೆಯ ಋತುವಿನಲ್ಲಿ ಧ್ವನಿಮುದ್ರಿತ ಕರೆ ಹಾಕುವಂತಿಲ್ಲ, ಬಾಯಿಂದಲೇ ಊದಬೇಕು. ಕರೆ ಎಷ್ಟು ಪರಿಣಾಮಕಾರಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಭಾರತಕ್ಕೆ ಈ ಪೀಪಿ ಹೊಂದುವುದೂ ಇಲ್ಲ. ಮಲ್ಲಾರ್ಡ್ ದಕ್ಷಿಣ ಭಾರತದತ್ತ ಬರುವುದೇ ಅಪರೂಪ. ಭೀಮಾ ಹಿನ್ನೀರಿಗೆ ಬರುವ ಸೂಜಿಬಾಲದ ಬಾತಿನ ಗಂಡು ಕ್ವಾಕ್ ಎನ್ನುವುದಿಲ್ಲ, ಸಣ್ಣಗೆ ಸಿಳ್ಳೆ ಹಾಕುತ್ತದೆ. ನಮ್ಮ ಕವಿಗಳು ವಿರಹಕ್ಕೆ ಉಪಮೆ ಮಾಡಿಕೊಂಡ ಚಕ್ರವಾಕ, ಅಂದರೆ ಕಿತ್ತಳೆ ಮೈಬಣ್ಣದ ರಡ್ಡಿ ಶೆಲ್‌ಡಕ್, ‘ಆಂಗ್ ಆಂಗ್’ ಎಂದು ಮೂಗಿನಲ್ಲಿ ಕೂಗುತ್ತದೆ. ನಮ್ಮ ಕೆರೆಗಳಲ್ಲೇ ಇರುವ ಸಿಳ್ಳೆ ಬಾತು ಹೆಸರಿಗೆ ತಕ್ಕಂತೆ ಸಿಳ್ಳೆಯ ಗಿರಾಕಿ. ಈ ಗುಂಪಿನಲ್ಲಿ ನಿಂತು ಅರ್ಕಾನ್ಸಾಸ್ ಪೀಪಿ ಊದಿದರೆ ದೋಣಿಯವರು ನಗುತ್ತಾರಷ್ಟೇ.

ನಮ್ಮಲ್ಲಿ ಬಾತು ಬೇಟೆಗೆ ಬೇರೆ ದಾರಿಗಳಿದ್ದವು. ಕೆರೆಯಲ್ಲಿ ಕೆಲವು ದಿನ ಖಾಲಿ ಮಡಕೆಗಳನ್ನು ತೇಲಿಬಿಟ್ಟು, ಹಕ್ಕಿಗಳಿಗೆ ಅವು ರೂಢಿಯಾದ ಮೇಲೆ ತಲೆಗೆ ತೂತಿನ ಮಡಕೆ ಕವುಚಿಕೊಂಡು ಕತ್ತಿನವರೆಗೆ ನೀರಿನಲ್ಲಿ ಮುಳುಗಿ ನಡೆದು, ಕೆಳಗಿನಿಂದ ಕಾಲು ಹಿಡಿದೆಳೆಯುವ ವಿಧಾನವನ್ನು ಬ್ರಿಟಿಷ್ ಕಾಲದ ಬೇಟೆ ಬರಹಗಳು ಬೆರಗಿನಿಂದ ವಿವರಿಸುತ್ತವೆ. ದೊರೆಗಳ ಬೇಟೆಗೆ ಇಂಥ ಜಾಣ್ಮೆಯೂ ಬೇಕಿರಲಿಲ್ಲ. 1938ರ ನವೆಂಬರ್ 12ರಂದು ರಾಜಸ್ಥಾನದ ಭರತಪುರದಲ್ಲಿ ವೈಸರಾಯ್ ಲಿನ್‌ಲಿಥ್ಗೋ ತಂಡ ಒಂದೇ ದಿನ 4,273 ಹಕ್ಕಿಗಳನ್ನು ಹೊಡೆದುರುಳಿಸಿತು. ಆ ಲೆಕ್ಕವನ್ನು ಕೆತ್ತಿದ ಕಲ್ಲು ಕೇವಲಾದೇವ್ ಉದ್ಯಾನದಲ್ಲಿ ಇಂದಿಗೂ ಇದೆ.

ಕಾನೂನು ಏನು ಹೇಳುತ್ತದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ನಂತರವೂ ಕೆಲವು ಪ್ರಾಣಿಪಕ್ಷಿಗಳ ಬೇಟೆಗೆ ಪರವಾನಗಿ ಸಿಗುತ್ತಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು. ಇಂದು ದೇಶದಲ್ಲಿ ಕಾಡುಬಾತಿನ ಬೇಟೆಗೆ ಋತುವೂ ಇಲ್ಲ, ಪರವಾನಗಿಯೂ ಇಲ್ಲ.

ಹಲವರಿಗೆ ಗೊತ್ತಿಲ್ಲದ ವಿಷಯವೆಂದರೆ, ಕಾಯ್ದೆಯಲ್ಲಿ ‘ಬೇಟೆ’ ಎಂದರೆ ಗುಂಡು ಹಾರಿಸುವುದು ಮಾತ್ರವಲ್ಲ. ಬಲೆ, ಉರುಳು ಹಾಕುವುದು, ಅಟ್ಟಿಸಿಕೊಂಡು ಹೋಗುವುದು, ಆಮಿಷ ಒಡ್ಡುವುದು, ಇವುಗಳಿಗೆ ಪ್ರಯತ್ನಿಸುವುದು ಎಲ್ಲವೂ ಬೇಟೆಯೇ. ಕಾಡುಹಕ್ಕಿಯ ಗೂಡು, ಮೊಟ್ಟೆಯನ್ನು ಕದಲಿಸುವುದೂ ಇದರೊಳಗೆ ಬರುತ್ತದೆ. ಪೀಪಿಯನ್ನು ಮನೆಯಲ್ಲಿಟ್ಟುಕೊಂಡು ಊದುವುದು ಅಪರಾಧವಲ್ಲ. ಹಿಡಿಯಲೆಂದು ಹಕ್ಕಿಯನ್ನು ಕರೆದರೆ ಅಪರಾಧ. ‘ನಾವು ಕೊಲ್ಲಲಿಲ್ಲ, ಹಿಡಿದು ಫೋಟೊ ತೆಗೆದು ಬಿಟ್ಟೆವು’ ಎಂಬ ಸಮಜಾಯಿಷಿ ನಿಲ್ಲುವುದಿಲ್ಲ.

ಇಲ್ಲೊಂದು ಮಾತು ಹೇಳಲೇಬೇಕು. ಬಾಯಿಂದಲೇ ಹಕ್ಕಿ ಕರೆಯುವ ವಿದ್ಯೆಯಲ್ಲಿ ನಿಜವಾದ ಪರಿಣತರು ಈ ನಾಡಿನ ಅಲೆಮಾರಿ ಸಮುದಾಯಗಳು. ಮಹಾರಾಷ್ಟ್ರದ ಫಾಸೆ ಪಾರ್ಧಿಗಳು, ಕರ್ನಾಟಕದ ಹಕ್ಕಿಪಿಕ್ಕಿಗಳು ಗೌಜಲು, ಬುರ್ಲಿಗಳ ದನಿಯನ್ನು ಹಕ್ಕಿಯೇ ಮೋಸ ಹೋಗುವಂತೆ ಅನುಕರಿಸಬಲ್ಲವರು. ಪಾರ್ಧಿಗಳನ್ನು ಬ್ರಿಟಿಷ್ ಸರ್ಕಾರ ಹುಟ್ಟಿನಿಂದಲೇ ‘ಅಪರಾಧಿ ಬುಡಕಟ್ಟು’ ಎಂದು ಪಟ್ಟಿ ಮಾಡಿತ್ತು. 1952ರಲ್ಲಿ ಆ ಪಟ್ಟಿಯಿಂದ ಬಿಡುಗಡೆ ಸಿಕ್ಕಿತು, ಆದರೆ ಅನುಮಾನದ ಕಣ್ಣು ಇಂದಿಗೂ ಬಿಟ್ಟಿಲ್ಲ. ಸಾವಿರಗಟ್ಟಲೆ ಬಾತು ಹೊಡೆದವರ ಹೆಸರು ಕಲ್ಲಿನ ಮೇಲೆ ಉಳಿಯಿತು. ಹೊಟ್ಟೆಪಾಡಿಗೆ ಎರಡು ಗೌಜಲು ಹಿಡಿದವರ ಹೆಸರು ಪೊಲೀಸ್ ಠಾಣೆಯಲ್ಲಿ ಉಳಿಯಿತು.

ಇದೇ ವಿದ್ಯೆಗೆ ಬೇರೆ ಬದುಕು ಸಿಕ್ಕಿದ ಉದಾಹರಣೆಯೂ ಇದೆ. ಬಿಹಾರದ ಮೀರ್‌ಶಿಕಾರಿ ಸಮುದಾಯದ ಹಕ್ಕಿ ಹಿಡಿಯುವವರನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ತನ್ನ ವಲಸೆ ಹಕ್ಕಿ ಅಧ್ಯಯನಕ್ಕೆ ಸೇರಿಸಿಕೊಂಡಿತು. ಅವರು ಹಿಡಿದುಕೊಟ್ಟ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಹಾರಿಬಿಟ್ಟಿದ್ದರಿಂದಲೇ ನಮ್ಮ ಕೆರೆಗಳ ಬಾತುಗಳು ಮಧ್ಯ ಏಷ್ಯಾ, ಸೈಬೀರಿಯಾದಿಂದ ಬರುತ್ತವೆ ಎಂಬುದು ಲೆಕ್ಕಸಮೇತ ಗೊತ್ತಾಯಿತು.

ಸ್ಪೀಕರ್ ಹಾಕಬಹುದೇ?

ಈಗಿನ ಚರ್ಚೆ ಪೀಪಿಯದ್ದಲ್ಲ, ಮೊಬೈಲಿನದ್ದು. ಆ್ಯಪ್‌ನಲ್ಲಿ ಯಾವ ಹಕ್ಕಿಯ ದನಿ ಬೇಕಾದರೂ ಸಿಗುತ್ತದೆ. ಬ್ಲೂಟೂತ್ ಸ್ಪೀಕರ್‌ನಲ್ಲಿ ಹಾಕಿದರೆ ಪೊದೆಯೊಳಗಿನ ಹಕ್ಕಿ ತನ್ನ ಜಾಗಕ್ಕೆ ಬೇರೊಂದು ಬಂತೆಂದು ಸಿಟ್ಟಿನಿಂದ ಹೊರಬರುತ್ತದೆ, ಕ್ಯಾಮೆರಾಗೆ ಸಿಗುತ್ತದೆ. ಮರಿ ಮಾಡುವ ಕಾಲದಲ್ಲಿ ಇದರಿಂದ ಗೂಡು ಕಾಯುವ ಹೊತ್ತು ವ್ಯರ್ಥವಾಗುತ್ತದೆ. ಒಂದೇ ಜಾಗಕ್ಕೆ ಪ್ರತಿ ಭಾನುವಾರ ಹತ್ತು ತಂಡ ಬಂದು ಅದೇ ದನಿ ಹಾಕಿದರೆ ಪರಿಣಾಮ ಊಹಿಸಿ. ಹಾಗಾಗಿಯೇ ಹಕ್ಕಿ ವೀಕ್ಷಕರ ಸಂಘಗಳ ನೀತಿ ಸಂಹಿತೆಗಳು ಇದನ್ನು ಬೇಡ ಎನ್ನುತ್ತವೆ, ಅಥವಾ ತೀರಾ ಮಿತಿಗೊಳಿಸುತ್ತವೆ.

ಮಳೆಗಾಲಕ್ಕೆ ಮುಂಚೆ ರಾಜ್‌ಮಾಚಿ, ಭಂಡಾರದರಾ ಕಡೆ ಮಿಂಚುಹುಳು ನೋಡಲು ಹೋಗುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಮಿಂಚುಹುಳುವಿನ ಬೆಳಕೇ ಅದರ ಕರೆ. ಗಂಡು ಮಿನುಗಿ ಕೇಳುತ್ತದೆ, ಹೆಣ್ಣು ಮಿನುಗಿ ಉತ್ತರಿಸುತ್ತದೆ. ನಡುವೆ ನಿಮ್ಮ ಟಾರ್ಚ್, ಕಾರಿನ ಹೆಡ್‌ಲೈಟ್ ಬಿದ್ದರೆ ಮಾತುಕತೆ ಅಲ್ಲಿಗೇ ನಿಲ್ಲುತ್ತದೆ. ಮೇ ಕೊನೆಯಿಂದ ಮೊದಲ ಜೋರು ಮಳೆಯವರೆಗಿನ ಕೆಲವೇ ವಾರಗಳು ಅವುಗಳ ಮದುವೆ ಹಂಗಾಮು. ನೆಲದ ಹುಲ್ಲು, ಎಲೆರಾಶಿಯಲ್ಲೇ ಮೊಟ್ಟೆಯಿಡುವುದರಿಂದ ದಾರಿ ಬಿಟ್ಟು ನಡೆಯುವ ಕಾಲುಗಳೂ ಅಷ್ಟೇ ಅಪಾಯಕಾರಿ.

ಭಿಗವಣ: ಕನ್ನಡಿಗರಿಗೆ ಗೊತ್ತಿರುವ ನೀರು

ಭೀಮಾ ನದಿಗೆ ಕಟ್ಟಿದ ಉಜನಿ ಅಣೆಕಟ್ಟೆಯ ಹೆಸರು ಕಲಬುರಗಿ, ವಿಜಯಪುರ ಜಿಲ್ಲೆಯವರಿಗೆ ಹೊಸದೇನಲ್ಲ. ‘ಉಜನಿಯಿಂದ ನೀರು ಬಿಡುಗಡೆ’ ಎಂಬ ಸುದ್ದಿ ಬಂದರೆ ಅಫಜಲಪುರ, ಇಂಡಿ ತಾಲೂಕುಗಳ ನದಿತೀರದ ಊರುಗಳಲ್ಲಿ ಆತಂಕ. ಅದೇ ಅಣೆಕಟ್ಟೆಯ ಹಿನ್ನೀರು ಪುಣೆ ಜಿಲ್ಲೆಯ ಇಂದಾಪುರ ತಾಲೂಕಿನ ಭಿಗವಣದ ಸುತ್ತ ಹರಡಿಕೊಂಡಿದೆ. ಪುಣೆಯಿಂದ ಸುಮಾರು 100 ಕಿ.ಮೀ. ಕಲಬುರಗಿ ಕಡೆಯ ರೈಲುಗಳು ಭಿಗವಣ ದಾಟಿಯೇ ಹೋಗುತ್ತವೆ.

ಹಿನ್ನೀರು ಇಳಿಯುತ್ತಾ ಹೋದಂತೆ ಕೆಸರಿನ ದಡಗಳು ಮೇಲೇಳುತ್ತವೆ, ಆಗ ಹಕ್ಕಿಗಳಿಗೆ ಹಬ್ಬ. ರಾಜಹಂಸಗಳನ್ನು, ಅಂದರೆ ಫ್ಲೆಮಿಂಗೊಗಳನ್ನು ನೋಡಲು ಜನವರಿಯಿಂದ ಮಾರ್ಚ್ ಒಳ್ಳೆಯ ಸಮಯ. ಬಾತುಗಳಿಗೆ ನವೆಂಬರ್ ಕೊನೆಯಿಂದಲೇ ಹೋಗಬಹುದು. ಸಲಿಕೆಯಂಥ ಕೊಕ್ಕಿನ ಶೋವೆಲರ್, ಸೂಜಿಬಾಲದ ಬಾತು, ಚಕ್ರವಾಕ, ಜೊತೆಗೆ ತಲೆಯ ಮೇಲೆ ಎರಡು ಕಪ್ಪು ಪಟ್ಟೆಯಿರುವ ಪಟ್ಟೆತಲೆ ಹೆಬ್ಬಾತು. ಕುಂಭಾರಗಾಂವ್, ಡಿಕ್ಸಾಳ್ ದಡಗಳಲ್ಲಿ ಸ್ಥಳೀಯ ಮೀನುಗಾರರೇ ದೋಣಿ ನಡೆಸುತ್ತಾರೆ, ಅವರೇ ಮಾರ್ಗದರ್ಶಕರು. ಹಕ್ಕಿಗಳ ಇಂಗ್ಲಿಷ್ ಹೆಸರುಗಳನ್ನು ನಮಗಿಂತ ಸ್ಪಷ್ಟವಾಗಿ ಹೇಳುತ್ತಾರೆ.

ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಬರುವ ಹಕ್ಕಿ. 7,000 ಮೀಟರ್‌ಗಿಂತ ಎತ್ತರದಲ್ಲಿ ಹಾರಿದ್ದು ಉಪಗ್ರಹ ಟ್ರ್ಯಾಕಿಂಗ್‌ನಲ್ಲಿ ದಾಖಲಾಗಿದೆ. ವಾಪಸ್ ಹೋಗುವ ಮುನ್ನ ಅದು ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳಬೇಕು. ಹಾರುವ ಹಿಂಡಿನ ಫೋಟೊ ಬೇಕೆಂದು ದೋಣಿಯನ್ನು ಹಿಂಡಿನೊಳಗೆ ನುಗ್ಗಿಸಲು ಹೇಳುವುದು, ಚಪ್ಪಾಳೆ ತಟ್ಟುವುದು ಎಂದರೆ ಅದರ ದಾರಿಖರ್ಚನ್ನು ಕಿತ್ತುಕೊಂಡಂತೆ. ದೋಣಿಯವರಿಗೆ ಇದು ಗೊತ್ತು. ಒತ್ತಾಯ ಬರುವುದು ಗಿರಾಕಿಗಳಿಂದಲೇ.

ಇದೇ ಹೆಬ್ಬಾತುಗಳನ್ನು ಊರಿಗೆ ಹೋದಾಗ ನೋಡಬೇಕೆಂದರೆ ಗದಗ ಜಿಲ್ಲೆಯ ಮಾಗಡಿ ಕೆರೆ ಇದೆ. 2024ರಲ್ಲಿ ಇದಕ್ಕೆ ರಾಮ್ಸರ್ ಮಾನ್ಯತೆ ಸಿಕ್ಕಿದೆ. ಹಗಲು ಕೆರೆಯಲ್ಲಿ ವಿಶ್ರಾಂತಿ, ಉಳಿದ ಹೊತ್ತು ಸುತ್ತಲ ಹೊಲಗಳಲ್ಲಿ ಮೇಯುವುದು ಅವುಗಳ ದಿನಚರಿ. ಹೊಲ ಮೇಯುವ ಹಕ್ಕಿಯನ್ನು ಊರವರು ಸಹಿಸಿಕೊಂಡಿರುವುದು ದೊಡ್ಡ ಮಾತು. ಪುಣೆ ನಗರಕ್ಕೆ ಹತ್ತಿರ ಬೇಕೆಂದರೆ ಮುಳಾ-ಮುಠಾ ನದಿಯ ಕವಡಿಪಾಟ ಇದೆ, ಆದರೆ ಅಲ್ಲಿ ನಗರದ ಕೊಳಚೆ, ಪ್ಲಾಸ್ಟಿಕ್ ನಡುವೆಯೇ ಚಕ್ರವಾಕ ನೋಡಬೇಕು. ಮೂಗಿಗೆ ಕರವಸ್ತ್ರ ಇರಲಿ.

ದೋಣಿ ಹತ್ತುವಾಗ ಲೈಫ್ ಜಾಕೆಟ್ ಕೇಳಿ ಪಡೆಯಿರಿ. 2024ರ ಮೇ 21ರಂದು ಇದೇ ಉಜನಿ ಹಿನ್ನೀರಿನಲ್ಲಿ ಬಿರುಗಾಳಿಗೆ ಪ್ರಯಾಣಿಕರ ದೋಣಿ ಮಗುಚಿ 6 ಮಂದಿ ಮೃತಪಟ್ಟಿದ್ದರು. ನೀರು ಮೇಲ್ನೋಟಕ್ಕೆ ಎಷ್ಟು ಶಾಂತವಾಗಿ ಕಂಡರೂ ಮಧ್ಯಾಹ್ನದ ನಂತರ ಗಾಳಿ ಎದ್ದರೆ ಹೋಗಬೇಡಿ. ಬೆಳಗಿನ ಹೊತ್ತೇ ಹಕ್ಕಿಗೂ ಕ್ಷೇಮ, ನಿಮಗೂ ಕ್ಷೇಮ.

ಕರೆದರೂ ಬಾರದ್ದು: ಉಲ್ಕೆ

ಕರೆಯಲು ಆಗದ್ದು, ಆಮಿಷಕ್ಕೆ ಬೀಳದ್ದು ಉಲ್ಕೆ ಒಂದೇ. ಕಾಯುವುದಷ್ಟೇ ಕೆಲಸ. ಪುಣೆ ಈ ವಿಷಯದಲ್ಲಿ ಹಳೆಯ ಊರು. ದೇಶದ ಅತಿ ಹಳೆಯ ಹವ್ಯಾಸಿ ಖಗೋಳ ಸಂಘಗಳಲ್ಲಿ ಒಂದಾದ ಜ್ಯೋತಿರ್ವಿದ್ಯಾ ಪರಿಸಂಸ್ಥಾ 1944ರಲ್ಲಿ ಇಲ್ಲಿ ಶುರುವಾಯಿತು. ವಿಶ್ವವಿದ್ಯಾಲಯದ ಆವರಣದಲ್ಲಿ ಜಯಂತ ನಾರ್ಳೀಕರ್ ಕಟ್ಟಿದ ಅಯುಕಾ ಸಂಸ್ಥೆ ಇದೆ. ಜುನ್ನರ್ ತಾಲೂಕಿನ ಖೋಡದ್ ಬಳಿ ತಲಾ 45 ಮೀಟರ್ ಅಗಲದ 30 ತಟ್ಟೆಗಳ ಜಿಎಂಆರ್‌ಟಿ ರೇಡಿಯೊ ದೂರದರ್ಶಕವಿದೆ.

ವರ್ಷದ ಎರಡು ದೊಡ್ಡ ಉಲ್ಕಾವೃಷ್ಟಿಗಳಲ್ಲಿ ಆಗಸ್ಟ್ 12-13ರ ಪರ್ಸೀಡ್ ಪುಣೆಗೆ ದಕ್ಕುವುದು ಕಷ್ಟ, ಮೋಡ ಬಿಡುವುದಿಲ್ಲ. ಮಳೆನೆರಳಿನ ವಿಜಯಪುರ, ಕಲಬುರಗಿ ಕಡೆ ಅದೃಷ್ಟವಿದ್ದರೆ ಸಿಗಬಹುದು. ನಮ್ಮ ಭಾಗಕ್ಕೆ ಹೇಳಿಮಾಡಿಸಿದ್ದು ಡಿಸೆಂಬರ್ 13-14ರ ಜೆಮಿನಿಡ್. ಆಕಾಶ ನಿರ್ಮಲ, ಚಳಿ ಸಹಿಸುವಷ್ಟು. ಇದರ ಮೂಲ ಧೂಮಕೇತು ಅಲ್ಲ, 1983ರಲ್ಲಿ ಪತ್ತೆಯಾದ ಫೇಥಾನ್ ಎಂಬ ಕ್ಷುದ್ರಗ್ರಹ. ಅದು ಬಿಟ್ಟುಹೋದ ಕಣಗಳು ಸೆಕೆಂಡಿಗೆ ಸುಮಾರು 35 ಕಿ.ಮೀ. ವೇಗದಲ್ಲಿ ವಾತಾವರಣಕ್ಕೆ ನುಗ್ಗಿ ನೆಲದಿಂದ 100 ಕಿ.ಮೀ. ಆಸುಪಾಸಿನ ಎತ್ತರದಲ್ಲಿ ಉರಿಯುತ್ತವೆ. ಉಲ್ಕೆಗಳು ಚಿಮ್ಮಿದಂತೆ ಕಾಣುವ ಬಿಂದು ಮಿಥುನ ರಾಶಿಯಲ್ಲಿದೆ, ನಮ್ಮ ಪುನರ್ವಸು ನಕ್ಷತ್ರದ ಜೋಡಿಯ ಪಕ್ಕದಲ್ಲೇ. ರಾತ್ರಿ 9ರ ನಂತರ ಪೂರ್ವದಲ್ಲಿ ಮೇಲೇರಿ, 2 ಗಂಟೆ ಸುಮಾರಿಗೆ ನೆತ್ತಿಯ ಹತ್ತಿರ ಬರುತ್ತದೆ.

‘ಗಂಟೆಗೆ 120ರಿಂದ 150 ಉಲ್ಕೆ’ ಎಂಬ ಶೀರ್ಷಿಕೆಗಳನ್ನು ನಂಬಿ ಹೋದರೆ ನಿರಾಸೆಯಾಗುತ್ತದೆ. ನಮ್ಮಂಥ ಸುದ್ದಿತಾಣಗಳೇ ಪ್ರತಿವರ್ಷ ಹಾಗೆ ಬರೆಯುತ್ತವೆ. ಅದು ಪೂರ್ತಿ ಕತ್ತಲೆ, ಬಿಂದು ನೆತ್ತಿಯ ಮೇಲೆ, ಇಡೀ ಆಕಾಶ ಮುಕ್ತ ಎಂಬ ಷರತ್ತುಗಳ ಮೇಲಿನ ಲೆಕ್ಕ. ಒಳ್ಳೆಯ ಹಳ್ಳಿಯ ಕತ್ತಲೆಯಲ್ಲಿ ಅದರ ಅರ್ಧ ಕಂಡರೆ ಸಂತೋಷಪಡಿ. ಹಿಂಜವಡಿಯ ಫ್ಲ್ಯಾಟ್‌ನ ಬಾಲ್ಕನಿಯಿಂದಾದರೆ ಬೆರಳೆಣಿಕೆಯಷ್ಟು ಮಾತ್ರ. ದೂರದರ್ಶಕ, ಬೈನಾಕ್ಯುಲರ್ ಎರಡೂ ಬೇಡ, ಆಕಾಶದ ಸಣ್ಣ ತುಣುಕಿಗೆ ಕಣ್ಣು ಕಟ್ಟಿಹಾಕಿದಂತಾಗುತ್ತದೆ. ಬೆನ್ನಮೇಲೆ ಮಲಗಿ ಬರಿಗಣ್ಣಲ್ಲಿ ನೋಡಿ. ಕತ್ತಲೆಗೆ ಕಣ್ಣು ಹೊಂದಲು 20ರಿಂದ 30 ನಿಮಿಷ ಬೇಕು; ಒಮ್ಮೆ ವಾಟ್ಸ್‌ಆ್ಯಪ್ ತೆರೆದರೆ ಲೆಕ್ಕ ಮತ್ತೆ ಸೊನ್ನೆಯಿಂದ.

ಎಲ್ಲಿ ಮಲಗುತ್ತೀರಿ ಎಂಬುದು ಇಲ್ಲಿ ಜೀವದ ಪ್ರಶ್ನೆ. ಜುನ್ನರ್, ಆಂಬೇಗಾಂವ್, ಖೇಡ್, ಶಿರೂರು ತಾಲೂಕುಗಳ ಕಬ್ಬಿನ ಗದ್ದೆಗಳೇ ಚಿರತೆಗಳ ಮನೆ. ಅಲ್ಲೇ ಮರಿ ಹಾಕಿ ಬೆಳೆಸುತ್ತವೆ. ಶಿರೂರು ಭಾಗದಲ್ಲಿ 2025ರಲ್ಲಿ ಮಕ್ಕಳೂ ಸೇರಿ ಹಲವರು ಚಿರತೆ ದಾಳಿಗೆ ಬಲಿಯಾಗಿ ಜನ ಹೆದ್ದಾರಿ ತಡೆದು ಪ್ರತಿಭಟಿಸಿದ್ದರು. ನೆಲಕ್ಕೊರಗಿ ಅಲುಗಾಡದೆ ಮಲಗಿದ ಮನುಷ್ಯ ಚಿರತೆಯ ಕಣ್ಣಿಗೆ ಸಣ್ಣ ಪ್ರಾಣಿಯಂತೆ ಕಾಣಬಹುದು. ಹಾಗಾಗಿ ಹೊಲದ ಬದು, ಕಬ್ಬಿನ ಅಂಚು ಬೇಡವೇ ಬೇಡ. ಪರಿಚಯದವರ ಮನೆಯ ತಾರಸಿ, ಬೇಲಿಯಿರುವ ಆವರಣ, ಅಥವಾ ಖಗೋಳ ಸಂಘಗಳು ಏರ್ಪಡಿಸುವ ರಾತ್ರಿ ವೀಕ್ಷಣೆ ಸಾಕು. ಹಳ್ಳಿಯವರು ‘ರಾತ್ರಿ ಹೊರಗೆ ಬೇಡ’ ಎಂದರೆ ವಾದಿಸಬೇಡಿ.

ಬೆಂಕಿಯುಂಡೆ ಕಂಡರೆ?

ಶುಕ್ರ ಗ್ರಹಕ್ಕಿಂತ ಹೆಚ್ಚು ಹೊಳೆಯುವ ಉಲ್ಕೆಯನ್ನು ಫೈರ್‌ಬಾಲ್, ಅಂದರೆ ಬೆಂಕಿಯುಂಡೆ ಎನ್ನುತ್ತಾರೆ. ಆದರೆ ಆಕಾಶದಲ್ಲಿ ಉರಿದದ್ದೆಲ್ಲ ಉಲ್ಕೆಯಲ್ಲ. 2022ರ ಏಪ್ರಿಲ್ 2, ಯುಗಾದಿ ಹಬ್ಬದ ಸಂಜೆ ಮಹಾರಾಷ್ಟ್ರ, ಮಧ್ಯಪ್ರದೇಶದ ಆಕಾಶದಲ್ಲಿ ಬೆಂಕಿಯ ಗೆರೆಗಳು ಸಾಲಾಗಿ ಸರಿದವು. ಮೊದಲು ಉಲ್ಕಾಪಾತವೆಂಬ ಸುದ್ದಿ ಹಬ್ಬಿತು. ಅದೇ ರಾತ್ರಿ ಚಂದ್ರಪುರ ಜಿಲ್ಲೆಯ ಲಾಡಬೋರಿ ಗ್ರಾಮದಲ್ಲಿ ಸುಮಾರು 3 ಮೀಟರ್ ಅಗಲದ ಲೋಹದ ಬಳೆಯೊಂದು ಬಿದ್ದಿರುವುದು ಸಿಕ್ಕಿತು. ಚೀನಾದ ಲಾಂಗ್ ಮಾರ್ಚ್ 3ಬಿ ರಾಕೆಟ್‌ನ ಅವಶೇಷವೆಂದು ತಜ್ಞರು ಗುರುತಿಸಿದರು.

ವ್ಯತ್ಯಾಸ ಹೇಳುವುದು ಸುಲಭ. ಉಲ್ಕೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ದೊಡ್ಡ ಬೆಂಕಿಯುಂಡೆಯೂ ಕೆಲವೇ ಸೆಕೆಂಡು. ‘ನೋಡು ನೋಡು’ ಎಂದು ಪಕ್ಕದವರನ್ನು ಕರೆದು, ಮೊಬೈಲ್ ತೆಗೆದು, ವಿಡಿಯೊ ಮಾಡುವಷ್ಟು ಹೊತ್ತು ಸಿಕ್ಕಿತೆಂದರೆ ಅದು ಬಹುಪಾಲು ರಾಕೆಟ್ ಚೂರು. ಅದರ ವೇಗ ಸೆಕೆಂಡಿಗೆ 7-8 ಕಿ.ಮೀ. ಮಾತ್ರ, ಹಲವು ತುಂಡಾಗಿ ಅಡ್ಡಡ್ಡ ಸಾಗುತ್ತದೆ. ಉರಿಯದೆ ಒಂದೇ ಸಮ ಹೊಳೆಯುತ್ತ ನಿಮಿಷಗಟ್ಟಲೆ ಸಾಗಿದರೆ ಉಪಗ್ರಹ.

ನಿಜವಾದ ಬೆಂಕಿಯುಂಡೆಯೇ ಕಂಡರೆ ಮೊದಲು ಗಡಿಯಾರ ನೋಡಿ. ಎಲ್ಲಿ ನಿಂತಿದ್ದಿರಿ, ಯಾವ ದಿಕ್ಕಿನಲ್ಲಿ ಶುರುವಾಗಿ ಎಲ್ಲಿ ಮುಗಿಯಿತು, ದಿಗಂತದಿಂದ ಎಷ್ಟು ಎತ್ತರ ಎಂಬುದನ್ನು ಗುರುತಿಸಿ. ತೋಳು ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಮರ, ಕಂಬ, ಗೋಪುರದ ನೆಂಟಸ್ತಿಕೆಯಿಂದ ನೆನಪಿಟ್ಟರೂ ಆದೀತು. ಮೂರು ಬೇರೆ ಬೇರೆ ಊರಿನವರು ಹೀಗೆ ಸರಿಯಾಗಿ ಹೇಳಿದರೆ ಅದು ಬಂದ ದಾರಿ, ಕಲ್ಲು ಬಿದ್ದಿರಬಹುದಾದ ಜಾಗ ಲೆಕ್ಕ ಹಾಕಬಹುದು. ಅಂತಾರಾಷ್ಟ್ರೀಯ ಉಲ್ಕಾ ಸಂಘಟನೆಯ ತಾಣದಲ್ಲಿ ಯಾರು ಬೇಕಾದರೂ ಇದನ್ನು ದಾಖಲಿಸಬಹುದು.

ಸದ್ದಿಗಾಗಿ ಕೆಲವು ನಿಮಿಷ ಕಾಯಿರಿ, ಆದರೆ ಕಿಟಕಿಯ ಬಳಿ ಅಲ್ಲ. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್‌ನಲ್ಲಿ ಬೆಳಕು ಕಂಡು ಜನ ಕಿಟಕಿಗೆ ಬಂದು ನಿಂತರು. ಒಂದೆರಡು ನಿಮಿಷದ ನಂತರ ಬಂದ ಆಘಾತದ ಅಲೆಗೆ ಗಾಜು ಒಡೆದು ಸುಮಾರು 1,500 ಮಂದಿ ಗಾಯಗೊಂಡರು.

ಕಲ್ಲು ಸಿಕ್ಕರೆ ಪೂಜೆಗೆ ಇಡುವುದು, ಮಾರಾಟಕ್ಕೆ ಒಡೆಯುವುದು ಎರಡೂ ಬೇಡ. ಬರಿಗೈ ತಾಗಿಸದೆ ಸ್ವಚ್ಛ ಕವರ್‌ನಲ್ಲಿ ಹಾಕಿ ತಹಶೀಲ್ದಾರ್ ಅಥವಾ ಪೊಲೀಸರ ಮೂಲಕ ಭಾರತೀಯ ಭೂವೈಜ್ಞಾನಿಕ ಸಮೀಕ್ಷಾ ಇಲಾಖೆಗೆ ತಲುಪಿಸಿ. 1865ರಲ್ಲಿ ಮದ್ದೂರಿನಲ್ಲಿ, ಮರುವರ್ಷ ಉಡುಪಿಯಲ್ಲಿ ಬಿದ್ದ ಕಲ್ಲುಗಳು ‘ಮುದ್ದೂರ್’, ‘ಉಡಿಪಿ’ ಎಂಬ ಹಳೆಯ ಕಾಗುಣಿತದಲ್ಲಿ ಇಂದಿಗೂ ವಿಶ್ವದ ಉಲ್ಕಾಶಿಲೆಗಳ ಪಟ್ಟಿಯಲ್ಲಿವೆ. ಬಿದ್ದ ಊರಿನ ಹೆಸರೇ ಕಲ್ಲಿನ ಹೆಸರಾಗುವುದು ಪದ್ಧತಿ.

ಹಕ್ಕಿ ಲೆಕ್ಕಕ್ಕೂ ಹವ್ಯಾಸಿಗಳೇ ಬೇಕು. ಜನವರಿಯಲ್ಲಿ ಏಷ್ಯಾದಾದ್ಯಂತ ನೀರುಹಕ್ಕಿಗಳ ಗಣತಿ ನಡೆಯುತ್ತದೆ, 1987ರಿಂದ ಭಾರತವೂ ಇದರಲ್ಲಿದೆ. ಅದರ ಹೊರತಾಗಿ ಇ-ಬರ್ಡ್ ಆ್ಯಪ್‌ನಲ್ಲಿ ವರ್ಷವಿಡೀ ಪಟ್ಟಿ ಹಾಕಬಹುದು.

ಜೆಮಿನಿಡ್ ನೋಡಲು ಯೋಚಿಸುವವರಿಗೆ: 2026ರಲ್ಲಿ ಡಿಸೆಂಬರ್ 9ಕ್ಕೆ ಅಮಾವಾಸ್ಯೆ. 13ರ ರಾತ್ರಿ ಎಳೆಚಂದ್ರ 10 ಗಂಟೆಯೊಳಗೆ ಮುಳುಗುತ್ತಾನೆ, ಆಮೇಲಿನ ಕತ್ತಲೆಯೆಲ್ಲ ಉಲ್ಕೆಗಳದ್ದೇ. ಅಂದು ಭಾನುವಾರ, ಮರುದಿನ ಕಚೇರಿ ಇರುವವರು ಈಗಲೇ ರಜೆ ಕೇಳಿಡಿ.